ಒರತೆಗೆ ಬಣ್ಣ ಹಾಕಿದ ಕಾಕಾ

ಅವರ ಹಿಮ್ಮಡಿಗಳು ಬೇಸಿಗೆಯ ಎರೆಹೊಲದ ಹಾಗೆ ಸೀಳು ಬಿಟ್ಟಿದ್ದವು. ಆದರೆ ಆ ಸೀಳುಗಳಲ್ಲಿ ಎಳ್ಳಿನಷ್ಟೂ ಮಣ್ಣು ಇರುತ್ತಿರಲಿಲ್ಲ. ದಿನಕ್ಕೆ ಐದಾರು ಸಲ ಇಟ್ಟಂಗಿಯ ಚೂರಿನಿಂದ ಪಾದ ತಿಕ್ಕಿ ತೊಳೆದುಕೊಳ್ಳುತ್ತಿದ್ದರು. ನಾನು ಮೊದಲ ಸಲ ಕಂಡಾಗಲೂ ಹುಣಸೆಮರದ ಬುಡದಲ್ಲಿ ಕೂತು, ಎಡಗಾಲನ್ನು ಬಲತೊಡೆಯ ಮೇಲೆ ಹಾಕಿಕೊಂಡು ಅದನ್ನೇ ಮಾಡುತ್ತಿದ್ದರು. ಶಾಲೆಯ ಹದಿನಾರು ಹುಡುಗಿಯರನ್ನು ಸಾಲಾಗಿ ಕರೆದುಕೊಂಡು ಗುಡ್ಡ ಹತ್ತಿ ಬಂದಿದ್ದ ನನ್ನನ್ನು ತಲೆ ಎತ್ತಿ ನೋಡಲೂ ಇಲ್ಲ.

"ಚಪ್ಪಲಿ ಇಲ್ಲೇ ಬಿಡ್ರಿ ಅಕ್ಕೋರ. ಕಾಲು ತೊಳ್ಕೊಂಡು ಮುಂದ ಹೋಗ್ರಿ. ಕೊಡದಾಗ ನೀರು ಇಟ್ಟೀನಿ."

ಒರತೆ ಅಲ್ಲಿಂದ ಇನ್ನೂ ನೂರು ಹೆಜ್ಜೆ ದೂರವಿತ್ತು. ಇಷ್ಟು ದೂರದಲ್ಲೇ ಕಾಲು ಯಾಕೆ ತೊಳೆಯಬೇಕು ಎಂದು ನಾನು ಕೇಳಿದೆ. ಅವರು ಆಗ ತಲೆ ಎತ್ತಿದರು. "ಊರ ಸಂತಿ ಧೂಳು ಪೂರಾ ನಿಮ್ಮ ಕಾಲಾಗ ಐತ್ರಿ. ಅದನ್ನ ಊರ ಮಂದಿಗೆ ಮತ್ತ ಕುಡಸೋದು ಬ್ಯಾಡ" ಅಂದರು. ಹುಡುಗಿಯರು ಕಿಸಕ್ಕನೆ ನಕ್ಕರು. ನಾನು ಕಾಲು ತೊಳೆದುಕೊಂಡೆ.

ಆ ಊರು ಶಿರಹಟ್ಟಿಗೂ ಮುಂಡರಗಿಗೂ ನಡುವೆ, ಕಪ್ಪತಗುಡ್ಡದ ಸಾಲು ಚಾಚಿ ಬಂದು ಮುಗಿಯುವ ಕಡೆ ಇದೆ. ಬಾವಿಗಳಿದ್ದವು, ಆದರೆ ನೀರು ಸವುಳು, ಬೇಳೆ ಬೇಯುತ್ತಿರಲಿಲ್ಲ. ಕುಡಿಯುವುದಕ್ಕೆ ಗುಡ್ಡದ ಒರತೆಯೊಂದೇ ಗತಿ. ಬಂಡೆಯ ಸಂದಿನಿಂದ ಬಂದ ನೀರು ಕಲ್ಲಿನ ತೊಟ್ಟಿಯಲ್ಲಿ ನಿಂತು, ಅಲ್ಲಿಂದ ಕೊಳವೆಯಲ್ಲಿ ಇಳಿದು, ಪೇಟೆಯ ನಡುವಿನ ದೊಡ್ಡ ತೊಟ್ಟಿಗೆ ಬಂದು ಬೀಳುತ್ತಿತ್ತು. ಎಲ್ಲ ಓಣಿಯವರೂ ಅಲ್ಲಿ ಕೊಡ ಹಿಡಿಯುತ್ತಿದ್ದರು. ಇದನ್ನೆಲ್ಲ ಕಟ್ಟಿಸಿದ್ದು ಸಂಸ್ಥಾನದವರು. ಕಾಯುವುದಕ್ಕೆ ನೇಮಿಸಿದ್ದೂ ಅವರೇ. ಹಾಗೆ ನೇಮಕವಾದವರು ಇವರ ತಂದೆ. ತಂದೆಯ ನಂತರ ಇವರು. ಊರಿನವರ ಬಾಯಲ್ಲಿ ಒರತೆ 'ಒರತಿ' ಆಗಿತ್ತು. ಹಾಗಾಗಿ ಹಿಂದೂಗಳ ಮನೆಯಲ್ಲೂ ಮುಸಲ್ಮಾನರ ಮನೆಯಲ್ಲೂ ಅವರು 'ಒರತಿ ಕಾಕಾ'.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಾನು ಆ ಊರಿನ ಹೆಣ್ಣುಮಕ್ಕಳ ಶಾಲೆಗೆ ಹೋದೆ. ನಾನು ಬೆಟಗೇರಿಯವಳು. ಅಪ್ಪ ನೂಲಿಗೆ ಬಣ್ಣ ಹಾಕುತ್ತಿದ್ದ. ಬಣ್ಣದ ಹಂಡೆಗಳ ನಡುವೆ ಓಡಾಡುತ್ತ ಓದಿದವಳು. ಅಲ್ಲಿಯವರೆಗೆ ಆ ಶಾಲೆಗೆ ಹೆಣ್ಣು ಶಿಕ್ಷಕಿ ಬಂದಿರಲಿಲ್ಲವಂತೆ. ನಾನು ಹೋದ ಮೇಲೆ ಹುಡುಗಿಯರ ಸಂಖ್ಯೆ ಏರತೊಡಗಿತು. ಈ ಮಾತು ಮುಂದೆ ಬರುತ್ತದೆ, ಅದಕ್ಕೆ ಹೇಳಿದೆ.

ಆ ದಿನ ಕಾಕಾ ನಮ್ಮನ್ನು ಒರತೆಯ ತೊಟ್ಟಿಯ ಸುತ್ತಲಿನ ಗೋಡೆಯ ಬಾಗಿಲಿನವರೆಗೆ ಕರೆದುಕೊಂಡು ಹೋಗಿ, ಸೊಂಟದ ಕೀಲಿಕೈಯಿಂದ ಬೀಗ ತೆಗೆದರು. ಹುಡುಗಿಯರನ್ನು ಇಬ್ಬಿಬ್ಬರಾಗಿ ಒಳಗೆ ಬಿಟ್ಟು, ಬಗ್ಗಿ ನೋಡಿ ಅಂದರು. ಬಂಡೆಯ ಬುಡದಲ್ಲಿ ಅಂಗೈಯಗಲದ ಜಾಗ. ನೀರು ಒಳಗಿನಿಂದ ಉಕ್ಕುವಾಗ ಮರಳಿನ ಕಾಳುಗಳು ಏಳುವುದು, ಸುತ್ತುವುದು, ಮತ್ತೆ ಕೂರುವುದು. ಒಬ್ಬ ಹುಡುಗಿ ಮುಟ್ಟಲು ಕೈ ಚಾಚಿದಳು. ಅವರು ಗದರಲಿಲ್ಲ. ತಮ್ಮ ಕೈಯನ್ನು ಅಡ್ಡ ಹಿಡಿದು, "ಮಲಗಿದ ಕೂಸಿನ ಕಣ್ಣಾಗ ಬೆರಳು ಹಾಕ್ತಾರೇನವಾ?" ಎಂದು ಕೇಳಿದರು. ಹುಡುಗಿ ಕೈ ಹಿಂದೆ ತೆಗೆದಳು.

ಅವರಿಗೆ ಅವರದೇ ಕಟ್ಟಳೆಗಳಿದ್ದವು. ತೊಟ್ಟಿ ತುಂಬಿ ಹೊರಚೆಲ್ಲುವ ನೀರಿಗೆ ಅವರೇ ಕಾಲುವೆ ತೋಡಿ, ಕೆಳಗೆ ದನಕ್ಕೊಂದು, ಬಟ್ಟೆ ಒಗೆಯುವವರಿಗೊಂದು ಗುಂಡಿ ಮಾಡಿದ್ದರು. ನಮಾಜಿಗೆ ಮುಂಚೆ ಕೈಕಾಲು ತೊಳೆಯುವುದಕ್ಕೂ ಆ ಚೆಲ್ಲುವ ನೀರನ್ನೇ ಬಳಸುತ್ತಿದ್ದರು. ತೊಟ್ಟಿಯ ನೀರಿಗೆ ಕೈ ಹಾಕುತ್ತಿರಲಿಲ್ಲ. ಮೇಲೆಯೇ ಬಟ್ಟೆ ಒಗೆಯಲು ಬಂದವರು "ಹರಿಯೋ ನೀರಿಗೆ ಮೈಲಿಗಿ ಎಲ್ಲೀದು ಕಾಕಾ?" ಎಂದು ವಾದಿಸಿದರೆ, "ಮೈಲಿಗಿ ಇಲ್ಲಪಾ, ಖರೆ. ಹೊಲಸು ಐತಲ್ಲ" ಎನ್ನುತ್ತಿದ್ದರು. ಹಾದಿಯಲ್ಲಿ ಯಾರೇ ಸಿಕ್ಕರೂ ಮೊದಲ ಮಾತು ಮಳೆಯದೇ. ನಾನು ರಜೆ ಮುಗಿಸಿ ಬೆಟಗೇರಿಯಿಂದ ಬಂದರೂ ಅಷ್ಟೇ: "ಆ ಕಡಿ ಹಸ್ತಿ ಮಳಿ ಆತೇನ್ರಿ? ನೆಲ ಎಷ್ಟ ಹಸಿ ಆಗೇತಿ?" ಯಾವ ಮಳೆ ಗುಡ್ಡದ ಯಾವ ಮಗ್ಗುಲಿಗೆ ಬಿದ್ದರೆ ಒರತೆ ಯಾವಾಗ ಏರುತ್ತದೆ ಎಂಬುದು ಅವರ ತಲೆಯಲ್ಲಿತ್ತು. ಓದು ಬಾರದು. ಅಪ್ಪ ಹೇಳಿದ್ದು, ತಾವು ಕಂಡದ್ದು, ಅಷ್ಟೇ ಪುಸ್ತಕ.

ನಾನು ಹೋದ ವರ್ಷವೇ ಗಡಿಯಾಚೆ ನಿಜಾಮರ ಸೀಮೆಯಲ್ಲಿ ಗಲಾಟೆ ಜೋರಾಯಿತು. ಮನೆಮಾರು ಬಿಟ್ಟು ಬಂದವರ ಬಂಡಿಗಳು ಮುಂಡರಗಿ ಕಡೆಯಿಂದ ಬರುತ್ತಿದ್ದವು. ಅವರ ಬಾಯಿಂದ ಕೇಳಬಾರದ್ದನ್ನು ಕೇಳುತ್ತಿದ್ದೆವು. ಹಾಗಿರುವಾಗ ಪೇಟೆಯಲ್ಲಿ ಯಾರೋ ಒಂದು ಮಾತು ಎತ್ತಿದರು: "ಊರ ನೀರಿನ ಕೀಲಿ ಯಾರ ಕೈಯಾಗ ಐತಿ, ನೋಡೀರೇನು?" ಅಷ್ಟೇ ಸಾಕಾಯಿತು. ಎಂಟು ಹತ್ತು ಹಿರಿಯರು ಗುಡ್ಡ ಹತ್ತಿದರು.

ಕಾಕಾ ಅವರೆಲ್ಲರಿಗೂ ಮೊದಲು ಕಾಲು ತೊಳೆದುಕೊಳ್ಳಲು ಹೇಳಿದರಂತೆ. ಆಮೇಲೆ ಸೊಂಟದಿಂದ ಕೀಲಿಕೈ ಬಿಚ್ಚಿ ಕಟ್ಟೆಯ ಮೇಲೆ ಇಟ್ಟರಂತೆ. "ತಗೊಳ್ರಿ. ಯಾರ ಕೈಯಾಗ ಕೊಡ್ತೀರೋ ಅವರಿಗೆ ಕೆಲಸ ಕಲಸಬೇಕು. ಎಂಟು ದಿನ ಬೇಕು. ಅಲ್ಲೀತನಕ ನಾನು ಇಲ್ಲೇ ಹೊರಗ ಕುಂಡ್ರತೀನಿ." ಹಿರಿಯರು ತಮ್ಮ ಪೈಕಿ ಒಬ್ಬನನ್ನು ನೇಮಿಸಿ ಬಂದರು. ತೊಟ್ಟಿಗೆ ಇಳಿದು ಮೊಣಕಾಲೂರಿ, ಪಾಚಿ ಹಿಡಿದ ಒಂದೊಂದೇ ಕಲ್ಲನ್ನು ತೆಂಗಿನ ನಾರಿನಿಂದ ತಿಕ್ಕುವುದು ಅವನಿಗೆ ಮೂರು ದಿನಕ್ಕೇ ಸಾಕಾಯಿತು. ನಾಲ್ಕನೆಯ ದಿನ ಹಿರಿಯರೇ ಕೀಲಿಕೈ ಹಿಂತಿರುಗಿಸಿದರು. ಯಾರೂ ತಪ್ಪಾಯಿತು ಎನ್ನಲಿಲ್ಲ. ಕಾಕಾ ಕೂಡ ಊರಿನವರ ಮುಂದೆ ಆ ಮಾತನ್ನು ಎತ್ತಲಿಲ್ಲ. ಆದರೆ ಆಮೇಲೆ ಪೇಟೆಗೆ ಬರುವುದನ್ನು ಕಡಿಮೆ ಮಾಡಿದರು. ಶುಕ್ರವಾರ ಮಸೀದಿಗೆ ಬಂದರೂ ನಮಾಜು ಮುಗಿದ ಕೂಡಲೇ ಗುಡ್ಡದ ಹಾದಿ ಹಿಡಿಯುತ್ತಿದ್ದರು.

ಅದೇ ಸುಮಾರಿಗೆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಊರಲ್ಲಿ ಪೇಢೆ ಹಂಚಿದರು. ಒರತೆಗೂ ಅದಕ್ಕೂ ಏನಾದರೂ ಸಂಬಂಧ ಇದ್ದೀತೆಂದು ನಮಗಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಕೆಲವು ವರ್ಷಗಳ ನಂತರ, ಹೊಸ ರಸ್ತೆಯ ಕೆಲಸ ಸುರುವಾದಾಗ.

ಒರತೆಯ ಗುಡ್ಡದ ಆಚೆ ಮಗ್ಗುಲಲ್ಲಿ ಗಂಗಾಳದ ಹಾಗೆ ಒಂದು ತಗ್ಗು ಇತ್ತು. ಸುತ್ತ ಒಳ್ಳೆಯ ಕಲ್ಲು. ರಸ್ತೆಯ ಖಡಿಗೆ ಅಲ್ಲಿಯೇ ಕಲ್ಲು ಒಡೆಯುವುದು, ಕೂಲಿಗಳಿಗೂ ಕತ್ತೆಗಳಿಗೂ ಅಲ್ಲಿಯೇ ಗುಡಿಸಲು ಹಾಕಿ ಒಂದು ವರ್ಷ ಬೀಡು ಬಿಡುವುದು ಎಂದು ಗುತ್ತಿಗೆದಾರ ನಿಶ್ಚಯಿಸಿದ. ಸಂಸ್ಥಾನದ ಕಾಲದಲ್ಲಿ ಆ ತಗ್ಗಿನಲ್ಲಿ ದನ ಬಿಡುವುದಕ್ಕೂ ಕಲ್ಲು ತೆಗೆಯುವುದಕ್ಕೂ ರಾಜರ ನಿಷೇಧವಿತ್ತು. "ರಾಜರ ಜೋಡಿ ರಾಜರ ಹುಕುಮೂ ಹೋತ್ರಿ ಅಕ್ಕೋರ," ಕಾಕಾ ನನ್ನ ಶಾಲೆಯ ಮುಂದೆ ಬಂದು ನಿಂತು ಹೇಳಿದರು. ಅವರು ಶಾಲೆಗೆ ಬಂದದ್ದು ಅದೇ ಮೊದಲು. "ನಮ್ಮ ಒರತಿ ನೀರು ಆ ತಗ್ಗಿಂದು. ಅಲ್ಲಿ ಜೋರು ಮಳಿ ಆದ್ರ ಮೂರು ದಿನ ಕಳದ ಮ್ಯಾಲ ಇಲ್ಲಿ ನೀರು ಏರತೈತಿ. ನಮ್ಮಪ್ಪ ತೋರ್ಸಿದ್ದ. ಅಲ್ಲಿ ನೂರು ಮಂದಿ ಇದ್ರ, ಅವರ ಹೊಲಸೆಲ್ಲ ಎಲ್ಲಿ ಹೋಗಬೇಕ್ರಿ? ಒಂದು ಅರ್ಜಿ ಬರದು ಕೊಡ್ರಿ."

ನಾನು ಬರೆದುಕೊಟ್ಟೆ. ಪುರಸಭೆಯವರು ಓದಿದರು, ರಸ್ತೆಯ ಕೆಲಸ ನೋಡಿಕೊಳ್ಳುವ ಓವರಸಿಯರನಿಗೆ ಕಳಿಸಿದರು. ರಸ್ತೆ ಬೇಡವೆಂದವರು ಯಾರೂ ಇರಲಿಲ್ಲ, ನನಗೂ ಬೇಕಿತ್ತು. ಮಳೆಗಾಲದಲ್ಲಿ ಎರೆಮಣ್ಣಿನ ಹಾದಿಯಲ್ಲಿ ಹೆರಿಗೆಯ ಹೆಂಗಸು ಬಂಡಿಯಲ್ಲೇ ಸತ್ತದ್ದನ್ನು ಕಂಡಿದ್ದೆವು. ಕಾಕಾ ಓವರಸಿಯರನಿಗೆ ಹೇಳಿದ್ದೂ ಅದನ್ನೇ: "ರಸ್ತಾ ಬ್ಯಾಡ ಅನ್ನಂಗಿಲ್ರಿ ಸಾಹೇಬ್ರ. ಕಲ್ಲು ಪಡುವಣ ಗುಡ್ಡದಾಗೂ ಐತಿ. ಒಂದ ಹರದಾರಿ ದೂರ, ಅಷ್ಟ."

ಓವರಸಿಯರ ಕೆಟ್ಟವನಲ್ಲ. ಅವನಿಗೆ ನಂಬಿಕೆ ಬರಲಿಲ್ಲ. "ಮಳಿ ಗುಡ್ಡದ ಆ ಕಡಿ, ನೀರು ಈ ಕಡಿ. ನಡುವ ಇಷ್ಟು ದೊಡ್ಡ ಗುಡ್ಡ. ನಿಮ್ಮಪ್ಪ ಹೇಳಿದ್ದು ಕಾಗದದಾಗ ಬರಿಯಾಕ ಬರಂಗಿಲ್ಲ ಕಾಕಾ. ತೋರಸ್ತೀಯೇನು? ತೋರ್ಸಿದ್ರ ನಾನ ಧಾರವಾಡಕ್ಕ ಬರದು ಕೆಲಸ ನಿಲ್ಲಸ್ತೀನಿ."

ತೋರಿಸುವುದು ಹೇಗೆ? ದೀಪಾವಳಿಗೆ ಊರಿಗೆ ಹೋದಾಗ ಇದನ್ನು ಅಪ್ಪನ ಮುಂದೆ ಹೇಳಿದೆ. ಅವನು ನೂಲಿನ ಲಡಿ ಹಿಂಡುತ್ತಿದ್ದವನು ಕೈ ನಿಲ್ಲಿಸದೆಯೇ, "ಅಲ್ಲಿ ಬಣ್ಣ ಹಾಕ್ರಿ, ಇಲ್ಲಿ ನೋಡ್ರಿ" ಅಂದ. ಈಗಿನ ಡಬ್ಬಿಯ ಬಣ್ಣ ವಿಷ, ಅದು ಬೇಡವೇ ಬೇಡ ಅಂದ. ಅಟ್ಟದ ಮೇಲೆ ಎರಡು ಚೀಲ ಒಣಗಿದ ಕುಸುಬೆಯ ಹೂವಿತ್ತು. ಡಬ್ಬಿಯ ಬಣ್ಣ ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. "ಇದನ್ನ ನೆನಿ ಹಾಕಿದ್ರ ಮೊದಲ ಹಳದಿ ಬಿಡತೈತಿ. ನಾವು ಅದನ್ನ ಚೆಲ್ಲಿ ಕೆಂಪು ತೆಗಿತಿದ್ವಿ. ಹಳದಿ ನೀರು ಕುಡದ್ರ ಯಾರಿಗೂ ಏನೂ ಆಗಂಗಿಲ್ಲ." ನಾನು ಎರಡೂ ಚೀಲಗಳನ್ನು ಬಂಡಿಗೆ ಹಾಕಿಸಿಕೊಂಡು ಬಂದೆ.

ಕಾಕಾ ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ಚೀಲ ಬಿಚ್ಚಿ ಹೂವು ಮೂಸಿ, ಮತ್ತೆ ಚೀಲದ ಬಾಯಿ ಕಟ್ಟಿದರು. "ಇದು ನನ್ನ ಕೈಲೆ ಆಗೋದಿಲ್ರಿ" ಅಂದರು. "ಕಾಲು ತೊಳೀದವರನ್ನ ಹತ್ರ ಬಿಡದಾವ ನಾನು. ನಾನ ಕೈಯಾರೆ ನೀರಿಗೆ ಬಣ್ಣ ಹಾಕ್ಲಿ?" ಆಮೇಲೆ ದನಿ ತಗ್ಗಿಸಿ, "ಮತ್ತ ನಾನು ಯಾರು ಅನ್ನೋದು ನಿಮಗ ಗೊತ್ತೈತಿ. ಆವತ್ತ ಬರೇ ಮಾತಿಗೆ ಗುಡ್ಡ ಹತ್ತಿ ಬಂದಿದ್ರು" ಅಂದರು.

ನಾನು ಒತ್ತಾಯ ಮಾಡಲಿಲ್ಲ. ಚೀಲಗಳನ್ನು ಒರತೆಯ ಹತ್ತಿರದ ಅವರ ಕೋಣೆಯಲ್ಲೇ ಬಿಟ್ಟು ಬಂದೆ. ಎಂಟು ದಿನಗಳ ನಂತರ ಮತ್ತೆ ಶಾಲೆಯ ಮುಂದೆ ನಿಂತಿದ್ದರು. ಪ್ರತಿದಿನ ಒಂದು ಮುಷ್ಟಿ ಹೂವು ನೆನೆಹಾಕಿ, ಆ ನೀರನ್ನು ತಂಬಿಗೆಗಟ್ಟಲೆ ತಾವೇ ಕುಡಿದಿದ್ದರು. "ಹೊಟ್ಟಿಗೆ ಏನೂ ಆಗಲಿಲ್ರಿ. ತಗ್ಗಿನಾಗ ಗುಡಿಸಲಕ್ಕ ಗಳ ತಂದು ಇಳಿಸ್ಯಾರ. ಇನ್ನ ತಡಾ ಮಾಡಬಾರದು."

ಲೆಕ್ಕ ಸರಿಯಾಗಿಯೇ ಹಾಕಿದ್ದರು. ಸೋಮವಾರ ಮಧ್ಯಾಹ್ನ ತಗ್ಗಿನಲ್ಲಿ ನಿಂತ ಹಿಂಗಾರಿ ನೀರಿಗೆ ಬಣ್ಣ ಸುರಿಯುವುದು. ಅದು ಒರತೆಗೆ ಬರುವುದು ಗುರುವಾರ. ಬುಧವಾರ ಸಂಜೆಯೊಳಗೆ ಪೇಟೆಯ ತೊಟ್ಟಿಯನ್ನು ಒಳ್ಳೆಯ ನೀರಿನಿಂದ ತುಂಬಿಸಿ ಕೊಳವೆ ಮುಚ್ಚಿಬಿಡುವುದು. ಹಳದಿ ನೀರು ಊರಿಗೆ ಇಳಿಯುವುದೇ ಇಲ್ಲ. ಓವರಸಿಯರನಿಗೆ ಗುರುವಾರ ಮುಂಜಾನೆ ಒರತೆಗೆ ಬರಲು ಹೇಳಿದ್ದಾಗಿತ್ತು. ಸೋಮವಾರ ಶಾಲೆ ಬಿಟ್ಟ ಮೇಲೆ ನಾನು ಹೋಗಿ ನೋಡಿದಾಗ ಅವರು ಬರಿದಾದ ಚೀಲಗಳನ್ನು ಮಡಿಸುತ್ತಿದ್ದರು. ಅಂಗೈಯಿಂದ ಮೊಣಕೈವರೆಗೂ ಹಳದಿಯಾಗಿತ್ತು. ತಗ್ಗಿನ ಒಂದು ಮೂಲೆಯಲ್ಲಿ ನೀರು ಸಣ್ಣಗೆ ಸುಳಿ ತಿರುಗುತ್ತ ಬಂಡೆಯ ಕೆಳಗೆ ಹೋಗುತ್ತಿತ್ತು.

ನೀರು ಗುರುವಾರದವರೆಗೆ ಕಾಯಲಿಲ್ಲ. ಬುಧವಾರ ಮುಂಜಾನೆಯೇ ಬಂತು.

ನಾನು ಕೊಡ ಹಿಡಿದು ಪೇಟೆಯ ತೊಟ್ಟಿಯ ಹತ್ತಿರ ಹೋಗುವಷ್ಟರಲ್ಲಿ ಹೆಂಗಸರು ಚೀರುತ್ತಿದ್ದರು. ಕೊಡಗಳಲ್ಲಿ ಕುಸುಬೆಯ ಹಳದಿ. ಮುದುಕಿಯೊಬ್ಬಳು ಕುಡಿದ ಮೊಮ್ಮಗನ ಬಾಯಲ್ಲಿ ಬೆರಳು ಹಾಕಿ ಕಾರಿಸುತ್ತಿದ್ದಳು. ಅಂಗಡಿಗಳ ಬಾಗಿಲು ಮುಚ್ಚತೊಡಗಿದವು. ಗಂಡಸರು ಗುಂಪಾಗಿ ನಿಂತರು, ಕೆಲವರ ಕೈಯಲ್ಲಿ ಬಡಿಗೆ. "ನಾವು ಆವತ್ತ ಹೇಳಿದ್ದಿಲ್ಲೇನು?" ಎಂದು ಒಬ್ಬ ಕೂಗಿದ. ಹೇಳಿಬಿಡಬೇಕು, ಇದು ಹೂವಿನ ಬಣ್ಣ, ತಂದವಳು ನಾನು ಎಂದು ಹೇಳಿಬಿಡಬೇಕು ಅನ್ನಿಸಿತು. ಆದರೆ ಕೊಡವನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದೆ.

ಅಷ್ಟರಲ್ಲಿ ಕಾಕಾ ಬಂದರು. ಮೇಲೆ ಬಣ್ಣ ಕಂಡ ಕೂಡಲೇ ಕೊಳವೆ ಮುಚ್ಚಿ, ಗುಡ್ಡವನ್ನು ಓಡುತ್ತ ಇಳಿದಿದ್ದರು. ತಪ್ಪಿಸಿಕೊಂಡು ಲಕ್ಷ್ಮೇಶ್ವರದ ಹಾದಿ ಹಿಡಿಯಬಹುದಿತ್ತು. ಮಗಳ ಮನೆ ಅಲ್ಲಿತ್ತು. ಅವರು ನೇರ ಗುಂಪಿನ ನಡುವೆ ಬಂದು ನಿಂತರು. ಏದುಸಿರು ಬಿಡುತ್ತಿದ್ದರು. ಬಡಿಗೆಗಳನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದರು. ಹತ್ತಿರವಿದ್ದವಳ ಕೈಯಿಂದ ತಂಬಿಗೆ ತೆಗೆದುಕೊಂಡು, ಹಳದಿ ನೀರು ತುಂಬಿ, ಎಲ್ಲರ ಮುಂದೆ ಗಟಗಟ ಕುಡಿದರು. ಮತ್ತೊಂದು ತಂಬಿಗೆ ಕುಡಿದರು.

"ನಾನ ಹಾಕೀನಿ. ಕುಸುಬಿ ಹೂವು. ಎಂಟು ದಿನ ಕುಡದೀನಿ, ಸತ್ತಿಲ್ಲ. ನಾಳಿಗೆ ಬರತೈತಿ ಅಂದಿದ್ನಿ, ಇವತ್ತ ಬಂತು. ಅದು ನನ್ನ ತಪ್ಪು, ಏನ್ ಬೇಕಾದ್ ಮಾಡ್ರಿ." ಬಡಿಗೆ ಹಿಡಿದವರ ಕಡೆಗೇ ತಿರುಗಿ ಹೇಳಿದರು: "ಆದ್ರ ಇದು ಎಲ್ಲಿಂದ ಬಂತು ಕೇಳ್ರಿ. ಆ ಕಡಿ ತಗ್ಗಿನಾಗ ಹಾಕಿದ್ದು ಎರಡು ದಿನದಾಗ ನಿಮ್ಮ ಕೊಡಕ್ಕ ಬಂತು. ನಾಳೆ ಅಲ್ಲಿ ನೂರು ಮಂದಿ ಇಳೀತಾರ. ಅವರ ಹೊಲಸೂ ಹಿಂಗ ಬರತೈತಿ. ಅದಕ್ಕ ಬಣ್ಣ ಇರಂಗಿಲ್ರಪಾ. ನಿಮಗ ಕಾಣಂಗಿಲ್ಲ."

ಆ ಮುದುಕಿ ಮೊಮ್ಮಗನ ಬಾಯಿಂದ ಬೆರಳು ತೆಗೆದಳು. ಆಮೇಲೆ ಪುರಸಭೆಯ ಸದಸ್ಯರೊಬ್ಬರು ಕೇಳಿದರು: "ಬಣ್ಣ ಯಾರು ಕೊಟ್ರು?"

ನಾನು ಅವರಿಂದ ನಾಲ್ಕು ಮಾರು ದೂರದಲ್ಲಿದ್ದೆ. ಅವರು ನನ್ನ ಕಡೆ ನೋಡಲಿಲ್ಲ, ತಪ್ಪಿಯೂ ನೋಡಲಿಲ್ಲ.

"ಸಂತ್ಯಾಗ ತಂದೆ" ಅಂದರು. "ನಾನು ಒಬ್ಬಾವ."

ಮರುದಿನ ಓವರಸಿಯರ ಬಂದ. ಒರತೆಯಲ್ಲಿ ಇನ್ನೂ ತೆಳು ಹಳದಿ ಇತ್ತು. ಅವನು ತಗ್ಗಿಗೆ ಹೋದ, ಸುಳಿಯ ಹತ್ತಿರ ಕೂತ, ಕೊಟ್ಟ ಮಾತಿನಂತೆ ಧಾರವಾಡಕ್ಕೆ ಬರೆದ. ಅಲ್ಲಿಂದ ಎಂಜಿನಿಯರು ಬಂದು ನೋಡಿ, ಬೀಡನ್ನು ಪಡುವಣ ಗುಡ್ಡಕ್ಕೆ ಕಳಿಸಿದರು. ತಗ್ಗಿನ ಸುತ್ತ ಕಲ್ಲಿನ ಒಡ್ಡು ಹಾಕಿಸಿ, ಕಲ್ಲು ತೆಗೆಯುವುದನ್ನೂ ದನ ಬಿಡುವುದನ್ನೂ ಸರಕಾರದ ಹೆಸರಿನಲ್ಲಿ ನಿಷೇಧಿಸಿದರು. ಹೋದ ಹುಕುಮು ಹೊಸ ಸರಕಾರದಲ್ಲಿ ಮರಳಿ ಬಂತು. ಅದೇ ತಿಂಗಳ ಸಭೆಯಲ್ಲಿ ಪುರಸಭೆ ಎರಡು ಠರಾವು ಮಾಡಿತು. ಒಂದು, ಒರತೆಯ ರಕ್ಷಣೆಗಾಗಿ ಎಂಜಿನಿಯರಿಗೆ ಅಭಿನಂದನೆ. ಇನ್ನೊಂದು, ಕುಡಿಯುವ ನೀರಿಗೆ ಬಣ್ಣ ಬೆರೆಸಿದ ಕಾವಲುಗಾರನನ್ನು ಕೆಲಸದಿಂದ ತೆಗೆದುಹಾಕುವುದು.

ಕಾಕಾ ತಕರಾರು ಮಾಡಲಿಲ್ಲ. ಹೊಸಬನಿಗೆ ಎಂಟು ದಿನ ಕೆಲಸ ಕಲಿಸಿದರು. ಒಂಬತ್ತನೆಯ ದಿನ ಒಂದು ಗಂಟು ಹೊತ್ತುಕೊಂಡು ಲಕ್ಷ್ಮೇಶ್ವರಕ್ಕೆ ಹೋದರು. ಹೋಗುವಾಗ ನನ್ನನ್ನು ಕಾಣಲು ಬರಲಿಲ್ಲ. ಬಂದಿದ್ದರೆ ಯಾರಾದರೂ ನೋಡುತ್ತಿದ್ದರು.

ನನ್ನ ನೌಕರಿ ಉಳಿಯಿತು. ಶಾಲೆ ಬೆಳೆಯಿತು. ಪ್ರತಿ ಮುಂಜಾನೆ ಆ ನೀರು ಕುಡಿಯುವ ಮೊದಲು ತಂಬಿಗೆಯೊಳಗೆ ಒಮ್ಮೆ ಬಗ್ಗಿ ನೋಡುತ್ತಿದ್ದೆ. ಏಕೀಕರಣವಾಗಿ, ಊರೂರಿಗೆ ತೋರಣ ಕಟ್ಟಿದ ವಾರ ನಾನು ಲಕ್ಷ್ಮೇಶ್ವರಕ್ಕೆ ಹೋದೆ. ಕಾಕಾ ಮಗಳ ಮನೆಯ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಬಹಳ ಸೊರಗಿದ್ದರು. ನನ್ನನ್ನು ಕಂಡು, "ಕುಂಡ್ರಿ ಅಕ್ಕೋರ. ಗುಡ್ಡದಾಗ ಚಿತ್ತಿ ಮಳಿ ಹೆಂಗಾತು?" ಅಂದರು. ನಾನು ಮಳೆಯ ಸುದ್ದಿ ಹೇಳಿದೆ. ಆಮೇಲೆ, ಪುರಸಭೆಗೆ ಹೋಗಿ ಎಲ್ಲ ಹೇಳಿಬಿಡುತ್ತೇನೆ, ನಿಮ್ಮನ್ನು ಮತ್ತೆ ಕರೆಸಿಕೊಳ್ಳಲಿ ಅಂದೆ.

ಅವರು ಶೇಂಗಾದ ಬುಟ್ಟಿ ಪಕ್ಕಕ್ಕೆ ಸರಿಸಿದರು. "ಹೇಳಬ್ಯಾಡ್ರಿ. ನನ್ನ ಜಾಗಾಕ್ಕ ಎಂಟು ದಿನದಾಗ ಒಬ್ಬಾವ ತಯಾರಾದ. ನಿಮ್ಮ ಜಾಗಾಕ್ಕ ಯಾರು ಬರತಾರ? ಆವಾಗ ಹೆಣ್ಣು ಅಕ್ಕೋರು ಇಲ್ಲಂತ ನನ್ನ ಮಗಳು ಆ ಶಾಲಿ ಬಾಗಲಾನೂ ನೋಡಲಿಲ್ಲ." ಒಳಗಿನಿಂದ ಮಗಳು ಚಹಾ ತಂದಿಟ್ಟಳು. ಕಾಕಾ ಬಸಿಗೆ ಬಗ್ಗಿಸಿಕೊಂಡು ಕುಡಿದರು. ಮತ್ತೆ ಆ ಮಾತು ಬರಲಿಲ್ಲ.

ಎರಡು ಚಳಿಗಾಲ ಕಳೆದ ಮೇಲೆ ಅವರು ತೀರಿಕೊಂಡರು. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣಾಗಿ ವಾರವಾಗಿತ್ತು. ನಮ್ಮ ಊರಲ್ಲಿ ಅದನ್ನು ಯಾರೂ ಸಾರಲಿಲ್ಲ. ತೊಟ್ಟಿಯ ಹತ್ತಿರ ಕೊಡ ತುಂಬುತ್ತಿದ್ದ ಹೆಂಗಸರಿಗೆ ನಾನೇ ಹೇಳಿದೆ. ಒಬ್ಬಿಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರಿಗೆ ಅಷ್ಟನ್ನೇ ಹೇಳಿದೆ. ಉಳಿದದ್ದನ್ನು ಆಗಲೂ ಹೇಳಲಿಲ್ಲ.

ಹೇಳಿದ್ದು ನಾನು ನಿವೃತ್ತಳಾದ ದಿನ. ಶಾಲೆಯ ಅಂಗಳದಲ್ಲಿ ಹಾರ ಹಾಕಿ, ನನ್ನಿಂದ ಊರಿಗೆ ಏನೇನು ಉಪಕಾರವಾಯಿತೆಂದು ಹೊಗಳಿದರು. ನನ್ನ ಸರದಿ ಬಂದಾಗ ಹಾರ ತೆಗೆದಿಟ್ಟು ಕಾಕಾನ ಕಥೆ ಹೇಳಿದೆ. ಎರಡು ಚೀಲ ಎಲ್ಲಿಂದ ಬಂದವು ಎಂಬುದನ್ನೂ, ಆ ಮುಂಜಾನೆ ನಾನು ಎಲ್ಲಿ ನಿಂತಿದ್ದೆ ಎಂಬುದನ್ನೂ. ದೊಡ್ಡವರು ಒಬ್ಬರನ್ನೊಬ್ಬರು ನೋಡಿಕೊಂಡರು. ಮುಂದಿನ ಸಾಲಿನಲ್ಲಿ ಕೂತಿದ್ದ ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಆವತ್ತ ಯಾಕ ಹೇಳಲಿಲ್ರಿ ಅಕ್ಕೋರ?"

ಇಷ್ಟು ವರ್ಷಗಳಲ್ಲಿ ಅದಕ್ಕೆ ಹಲವು ಉತ್ತರಗಳನ್ನು ಕೂಡಿಟ್ಟುಕೊಂಡಿದ್ದೆ. ಶಾಲೆ ಮುಚ್ಚುತ್ತಿತ್ತು, ಹುಡುಗಿಯರು ಮನೆಯಲ್ಲಿ ಉಳಿಯುತ್ತಿದ್ದರು, ಕಾಕಾನೇ ಬೇಡ ಅಂದಿದ್ದರು. ಆ ಮಗುವಿನ ಮುಂದೆ ಅವನ್ನೆಲ್ಲ ಬಿಟ್ಟೆ.

"ಅಂಜಿದ್ನಿ ತಂಗಿ" ಅಂದೆ. "ಕಾಕಾನೂ ಅಂಜಿದ್ರು. ಆದ್ರ ಅವರು ಗುಡ್ಡ ಇಳದು ಬಂದ್ರು. ನಾನು ನಿಂತಲ್ಲೇ ನಿಂತಿದ್ನಿ."